ಉಬ್ಬಸದ ಬೆಕ್ಕು

(ನಮ್ಮ ಉಚಿತ ವಾಚನಾಲಯದ ಆದಿತ್ಯವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಸ್ಥಳದಲ್ಲಿ ನಿಂತು ಸಾಹಿತ್ಯವನ್ನೂ ನಾಡಿನ ಚರಿತ್ರೆಯನ್ನೂ ಕುರಿತು ಮಾತನಾಡಿದ ಪಂಡಿತರನ್ನು ತಾವು ಕೇಳಿದ್ದೀರಿ. ನಾವಾದರೋ ಗಿರಣಿಯ ಕಚೇರಿಯಲ್ಲಿ ಹಾಜರಿ ಪಟ್ಟಿ ಬರೆಯುವವರು, ಓದಿದ್ದು ಮೆಟ್ರಿಕ್ಕಿನವರೆಗೆ. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಜೋಡಿಸಿಡುವುದಷ್ಟೇ ನಮ್ಮ ಸೇವೆ. ಏನಾದರೂ ಮಾತನಾಡಲೇಬೇಕೆಂದು ಕಾರ್ಯದರ್ಶಿಗಳು ಒತ್ತಾಯಿಸಿದಾಗ, ಅನುಭವದಿಂದ ನಮಗೆ ಗೊತ್ತಿರುವುದು ಬೆಕ್ಕಿನ ಉಬ್ಬಸವೊಂದೇ ಎಂದೆವು. ಅವರು ನಕ್ಕರು. ತಾವೂ ನಗಬಹುದು. ಆದರೆ ದಹಿಸರಿನ ನಮ್ಮ ಚಾಳುಗಳಲ್ಲಿ ಬೆಕ್ಕಿಲ್ಲದ ಸಾಲು ಯಾವುದಿದೆ? ಆದುದರಿಂದ ಸ್ವಲ್ಪ ಹೊತ್ತು ಕೇಳಬೇಕೆಂದು ಬಿನ್ನಹ.

ನಮ್ಮ ಮನೆಯ ಬೆಕ್ಕಿನ ಹೆಸರು ಬೆಳ್ಳಿ. ವಯಸ್ಸು ಆರು. ಎರಡು ವರ್ಷಗಳ ಹಿಂದೆ ಅದು ಆಗಾಗ ನೆಲಕ್ಕೆ ಅಂಟಿಕೊಂಡಂತೆ ಕುಳಿತು, ಕತ್ತನ್ನು ಮುಂದಕ್ಕೆ ಚಾಚಿ, ಒಣಗೆಮ್ಮು ಕೆಮ್ಮತೊಡಗಿತು. ನೆಕ್ಕಿ ನುಂಗಿದ ಕೂದಲು ಗಂಟಲಲ್ಲಿ ಸಿಕ್ಕಿದೆಯೆಂದು ನಾವು ಸುಮ್ಮನಿದ್ದೆವು. ಇದೇ ನಮ್ಮ ಮೊದಲನೆಯ ತಪ್ಪು. ಕೂದಲಿನ ತೊಂದರೆಯಾದರೆ ಕೊನೆಗೆ ಕೂದಲಿನ ಉಂಡೆ ಹೊರಬೀಳಬೇಕು. ಮೇಲಿಂದ ಮೇಲೆ ಕೆಮ್ಮಿಯೂ ಏನೂ ಬೀಳದಿದ್ದರೆ ಕಾಯಿಲೆ ಎದೆಯೊಳಗಿರಬಹುದೆಂದು ತಿಳಿಯತಕ್ಕದ್ದು.

ನೆರೆಯವರಲ್ಲಿ ಕೆಲವರು ಇದು ಮಕ್ಕಳಿಗೆ ಅಂಟುವ ರೋಗವೆಂದು ಹೆದರಿದರು. ಗೋಣಿಯಲ್ಲಿ ಹಾಕಿ ಹೊಳೆಯಾಚೆ ಬಿಟ್ಟು ಬನ್ನಿರೆಂದು ಒಬ್ಬರು ಬುದ್ಧಿ ಹೇಳಿದರು. ನಿಜ ಹೇಳುವುದಾದರೆ ನಾವೂ ಎರಡು ದಿನ ಅದನ್ನೇ ಯೋಚಿಸಿದೆವು. ಅಷ್ಟರಲ್ಲಿ ಜುಲೈ ತಿಂಗಳ ಒಂದು ರಾತ್ರಿ, ಮಳೆ ಹೊಯ್ಯುತ್ತಿರುವಾಗ, ಬೆಳ್ಳಿ ಬಾಯಿ ತೆರೆದು ಉಸಿರೆಳೆಯತೊಡಗಿತು. ಹೊಟ್ಟೆ ತಿದಿಯಂತೆ ಏರಿಳಿಯುತ್ತಿತ್ತು. ಒಸಡು ನೀಲಿಗಟ್ಟಿತ್ತು. ಚೀಲದಲ್ಲಿಟ್ಟುಕೊಂಡು ರಿಕ್ಷಾದಲ್ಲಿ ಪಶುವೈದ್ಯರಲ್ಲಿಗೆ ಓಡಿದೆವು. ಅವರು ಆಮ್ಲಜನಕ ಹಿಡಿದು, ಸೂಜಿಮದ್ದು ಕೊಟ್ಟು, ಬೆಕ್ಕು ಸ್ವಲ್ಪ ಚೇತರಿಸಿಕೊಂಡ ಮೇಲೆ ನಮ್ಮ ಕಡೆ ತಿರುಗಿ ಕೇಳಿದ ಮೊದಲನೆಯ ಪ್ರಶ್ನೆ ಇದು: "ಮನೆಯಲ್ಲಿ ಬೀಡಿ ಸೇದುವವರು ಯಾರು?"

ನಾವು ತಲೆ ತಗ್ಗಿಸಿದೆವು.

ಈ ಕಾಯಿಲೆಯ ಬಗೆ ಹೇಗೆಂದರೆ, ಉಸಿರಿನಲ್ಲಿ ಬರುವ ಯಾವುದೋ ಒಂದು ವಸ್ತು ಕೆಲವು ಬೆಕ್ಕುಗಳಿಗೆ ಒಗ್ಗುವುದಿಲ್ಲ. ಆಗ ಶ್ವಾಸಕೋಶದೊಳಗಿನ ಸಣ್ಣ ಗಾಳಿಕೊಳವೆಗಳು ಬಾತುಕೊಳ್ಳುತ್ತವೆ, ಅವುಗಳ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಗೆ ಕಫ ತುಂಬುತ್ತದೆ. ಎಳೆದ ಉಸಿರನ್ನು ಹೊರಬಿಡುವುದೇ ಕಷ್ಟವಾಗುತ್ತದೆ. ಮನುಷ್ಯರ ಉಬ್ಬಸವೂ ಇದೇ ಬಗೆಯದು. ಇದು ಬೆಕ್ಕಿನಿಂದ ಮಕ್ಕಳಿಗೆ ಅಂಟುವುದಿಲ್ಲ. ಎಕ್ಸ್‌ರೇ ತೆಗೆದಾಗ ದಪ್ಪಗಾದ ಕೊಳವೆಗಳು ಕೆಲವು ಕಡೆ ಬಳೆಗಳಂತೆಯೂ ಕೆಲವು ಕಡೆ ರೈಲು ಹಳಿಗಳಂತೆಯೂ ಕಾಣುತ್ತವೆ. ವೈದ್ಯರು ಬೆಳಕಿಗೆ ಹಿಡಿದು ತೋರಿಸಿದರು. ಶ್ವಾಸಕೋಶದ ಹುಳು ಮತ್ತು ಹೃದಯದ ಕಾಯಿಲೆಗಳಲ್ಲಿಯೂ ಇಂಥದೇ ಲಕ್ಷಣಗಳು ಇರಬಹುದಾದ್ದರಿಂದ ಮಲಪರೀಕ್ಷೆ ಮೊದಲಾದುವನ್ನೂ ಮಾಡಿಸಬೇಕಾಗುತ್ತದೆ. ಕೆಮ್ಮು ಕೇಳಿದೊಡನೆ ನಾವೇ ಉಬ್ಬಸವೆಂದು ತೀರ್ಮಾನಿಸಬಾರದು.

ಇದಕ್ಕೆ ಪೂರ್ಣ ಗುಣವೆಂಬುದಿಲ್ಲ, ಹತೋಟಿಯುಂಟು. ಮೊದಲು ಊತವನ್ನು ತಗ್ಗಿಸಲು ಪ್ರೆಡ್ನಿಸೋಲೋನ್ ಗುಳಿಗೆ ಕೊಟ್ಟರು. ಅದನ್ನು ಬಹುಕಾಲ ಕೊಟ್ಟರೆ ಮೈ ಬೆಳೆಯುವುದೂ ಸಿಹಿಮೂತ್ರ ರೋಗ ಬರುವುದೂ ಉಂಟು. ಆದ್ದರಿಂದ ಫ್ಲುಟಿಕಾಸೋನ್ ಎಂಬ ಸೇದುವ ಔಷಧಕ್ಕೆ ಬದಲಾಯಿಸಿದರು. ಇದು ಪೂರ್ಣವಾಗಿ ಹಿಡಿಯಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಗುಳಿಗೆಯೂ ಜೊತೆಗಿರಬೇಕು. ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸದೆ, ವೈದ್ಯರು ಹೇಳಿದಂತೆ ಇಳಿಸುತ್ತ ಬರಬೇಕು. ಸಾಲ್ಬ್ಯುಟಮಾಲ್ ಎಂಬ ಇನ್ನೊಂದು ಔಷಧ ನಿಮಿಷಗಳಲ್ಲಿ ಕೊಳವೆಯನ್ನು ಸಡಿಲಿಸುತ್ತದೆ. ಅದು ಆಪತ್ಕಾಲಕ್ಕೆ. ಊತವನ್ನು ಅದು ತಗ್ಗಿಸುವುದಿಲ್ಲವಾದ್ದರಿಂದ ಅದೊಂದನ್ನೇ ನಂಬಿ ದಿನ ನೂಕಬಾರದು.

ಬೆಕ್ಕಿಗೆ ಔಷಧ ಸೇದಿಸುವುದು ಹೇಗೆಂದು ತಾವು ಕೇಳಬಹುದು. ಒಂದು ತುದಿಯಲ್ಲಿ ಔಷಧದ ಡಬ್ಬಿಯೂ ಇನ್ನೊಂದು ತುದಿಯಲ್ಲಿ ಸಣ್ಣ ಮುಖವಾಡವೂ ಇರುವ ಕೊಳವೆ ಸಿಗುತ್ತದೆ. ಬೆಕ್ಕಿಗೆಂದೇ ಮಾಡಿದ್ದೂ ಉಂಟು. ನಾವು ಎಳೆಮಕ್ಕಳಿಗೆ ಬಳಸುವುದನ್ನೇ ವೈದ್ಯರಿಗೆ ತೋರಿಸಿ ತಂದುಕೊಂಡೆವು. ಮೊದಲನೆಯ ದಿನವೇ ಮುಖಕ್ಕೆ ಒತ್ತಿದರೆ ಕೈ ಪರಚಿಸಿಕೊಳ್ಳುವಿರಿ, ನಾವು ಪರಚಿಸಿಕೊಂಡಿದ್ದೇವೆ. ಮುಖವಾಡವನ್ನು ನೆಲದಲ್ಲಿಟ್ಟು ಅದರೊಳಗೆ ಮೀನಿನ ಚೂರು ಹಾಕಿದೆವು. ಎರಡು ವಾರದಲ್ಲಿ ತಾನಾಗಿಯೇ ಮೂಗು ತೂರಿಸತೊಡಗಿತು. ಆಮೇಲೆ ಡಬ್ಬಿಯನ್ನು ಕುಲುಕಿ, ಮೂಗು ಬಾಯಿ ಎರಡೂ ಮುಚ್ಚುವಂತೆ ಮುಖವಾಡ ಹಿಡಿದು, ಒಮ್ಮೆ ಒತ್ತಿ, ಏಳರಿಂದ ಹತ್ತು ಉಸಿರು ಎಣಿಸುವುದು. ಇಷ್ಟೇ ಕೆಲಸ.

ಎಣಿಸುವುದು ನಮ್ಮ ಕಸುಬಾದ್ದರಿಂದ ಒಂದು ಪುಸ್ತಕವನ್ನೂ ಇಟ್ಟಿದ್ದೇವೆ. ಬೆಕ್ಕು ನಿದ್ದೆಯಲ್ಲಿರುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಎದೆ ಏರಿತೆಂದು ದಿನವೂ ಬರೆಯುವುದು. ಸಾಮಾನ್ಯವಾಗಿ 30ರ ಒಳಗಿರಬೇಕು. ಸುಮ್ಮನೆ ಮಲಗಿರುವಾಗಲೇ 40 ದಾಟುತ್ತಿದ್ದರೆ ವೈದ್ಯರಿಗೆ ತಿಳಿಸಬೇಕು. ಬಾಯಿ ತೆರೆದು ಉಸಿರಾಡಿದರೆ, ಒಸಡು ನೀಲಿಯಾದರೆ ಲೆಕ್ಕ ಬರೆಯುತ್ತ ಕೂರದೆ ಹೊರಡಬೇಕು. ಆ ಸಮಯದಲ್ಲಿ ಬಾಯಿಗೆ ನೀರು ಹೊಯ್ಯಬಾರದು, ಬಿಗಿಯಾಗಿ ಅಪ್ಪಬಾರದು. ಗಾಳಿಯಾಡುವ ಬುಟ್ಟಿಯಲ್ಲಿ ಸದ್ದಿಲ್ಲದೆ ಒಯ್ಯಬೇಕು. ಪರೇಲಿನಲ್ಲಿ 1886ರಲ್ಲಿ ಸ್ಥಾಪನೆಯಾದ ಪಶುವೈದ್ಯ ಕಾಲೇಜೂ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯೂ ಇವೆ. ಆದರೆ ಉಸಿರು ಕಟ್ಟಿದ ಪ್ರಾಣಿಯನ್ನು ದಹಿಸರಿನಿಂದ ಪರೇಲಿನವರೆಗೆ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಒಯ್ಯುವುದು ಸಾಧ್ಯವಲ್ಲ. ಹತ್ತಿರದ ವೈದ್ಯರ ವಿಳಾಸ ಮೊದಲೇ ಗೋಡೆಯ ಮೇಲಿರಲಿ.

ಮನೆಮದ್ದಿನ ವಿಷಯದಲ್ಲಿ ಕೈಮುಗಿದು ಹೇಳುತ್ತೇವೆ. ಪ್ಯಾರಾಸಿಟಮಾಲ್ ಗುಳಿಗೆ ಬೆಕ್ಕಿಗೆ ವಿಷ. ಒಂದೇ ಗುಳಿಗೆ ಪ್ರಾಣ ತೆಗೆದೀತು. ನಮ್ಮ ಮಕ್ಕಳ ಎದೆಗೆ ಹಚ್ಚುವ ನೀಲಗಿರಿ ಎಣ್ಣೆ, ಕರ್ಪೂರ ಇವುಗಳನ್ನು ಬೆಕ್ಕಿಗೆ ಹಚ್ಚಬಾರದು. ಅದು ಮೈ ನೆಕ್ಕುವ ಪ್ರಾಣಿ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತದೆ.

ಇನ್ನು ಮನೆಯ ಗಾಳಿ. ಸೊಳ್ಳೆಬತ್ತಿ, ಊದುಬತ್ತಿ, ಧೂಪ, ಪೌಡರ್, ಘಾಟಿನ ಫಿನಾಯಿಲ್, ಮಳೆಗಾಲದಲ್ಲಿ ಗೋಡೆಗೆ ಹಿಡಿಯುವ ಬೂಷ್ಟು, ಇವೆಲ್ಲ ಉಬ್ಬಸವನ್ನು ಕೆರಳಿಸಬಲ್ಲವು. ಸೊಳ್ಳೆಬತ್ತಿಯ ಬದಲು ಪರದೆ ಕಟ್ಟಿದೆವು. ಮಲವಿಸರ್ಜನೆಯ ತಟ್ಟೆಗೆ ಧೂಳೇಳುವ ಮಣ್ಣಿನ ಬದಲು ಹಳೆಯ ಪತ್ರಿಕೆ ಹರಿದು ಹಾಕುತ್ತೇವೆ (ವಾಚನಾಲಯದ್ದಲ್ಲ, ಕಾರ್ಯದರ್ಶಿಗಳು ಗಾಬರಿಯಾಗಬಾರದು). ಗಿರಣಿಯಿಂದ ಬಂದೊಡನೆ ಹತ್ತಿಯ ಧೂಳಿನ ಅಂಗಿಯನ್ನು ಹೊರಗೇ ಕೊಡವುತ್ತೇವೆ. ಹತ್ತಿಯ ಧೂಳಿನಿಂದ ಕೆಲಸಗಾರರಿಗೆ ಬರುವ ಬಿಸಿನೋಸಿಸ್ ಎಂಬ ಕಾಯಿಲೆಯನ್ನು ಇಲ್ಲಿ ಕೆಲವರು ಬಲ್ಲಿರಿ. ವಾರದ ರಜೆ ಕಳೆದು ಸೋಮವಾರ ಕೆಲಸಕ್ಕೆ ಹೋದೊಡನೆ ಎದೆ ಬಿಗಿಯುತ್ತದೆ. ಅದು ಬೇರೆ, ಇದು ಬೇರೆ. ಆದರೆ ಕೆಲಸಗಾರನು ಎದೆ ಬಿಗಿಯಿತೆಂದು ಬಾಯಿಬಿಟ್ಟು ಹೇಳಬಲ್ಲ. ಬೆಕ್ಕು ಹೇಳಲಾರದು, ಮಂಚದ ಕೆಳಗೆ ಹೋಗಿ ಕೂರುತ್ತದೆ.

ಧೂಪದ ಮಾತನ್ನು ನಮ್ಮ ತಾಯಿಯವರಲ್ಲಿ ಹೇಗೆ ಎತ್ತುವುದೆಂದು ನಮಗೆ ಅಳುಕಿತ್ತು. ಊರಿನಲ್ಲಿಯೂ ಇಲ್ಲಿಯೂ ಅವರು ಒಂದು ಸಂಜೆಯೂ ಧೂಪ ತಪ್ಪಿಸಿದವರಲ್ಲ. ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ದೇವರಿಗೆ ಒಂದು ಹೂವು ಸಾಕು ಮಗಾ. ನಿನ್ನ ಬೀಡಿಯ ಬದಲಿಗೆ ಏನು ಇಡುತ್ತೀ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಮನೆಯೊಳಗೆ ಸೇದುವುದನ್ನು ಬಿಟ್ಟೆವು. ಹೊರಗೆ ಬಿಡಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು, ನಡುವೆ ಎರಡು ಸಲ ಸೋತೆವು. ಬೀಡಿಯಲ್ಲಿ ಉಳಿದ ಹಣ ಬೆಳ್ಳಿಯ ಔಷಧಕ್ಕೆ ಪೂರ್ತಿ ಸಾಲದು, ಆದರೂ ಒಂದು ಪಾಲು ತೂಗುತ್ತದೆ.

ಬೆಳ್ಳಿ ಈಗಲೂ ತಿಂಗಳಿಗೆ ಒಂದೆರಡು ಸಲ ಕೆಮ್ಮುವುದುಂಟು. ಈ ಮಳೆಗಾಲದಲ್ಲಿ ರಾತ್ರಿ ಓಡುವ ಪ್ರಸಂಗ ಬರಲಿಲ್ಲ. ನಿನ್ನೆಯ ಎಣಿಕೆ 26. ಅದನ್ನು ಹೊಳೆಯಾಚೆ ಬಿಟ್ಟು ಬರಲು ಹೇಳಿದ ನೆರೆಯವರೇ ಈಗ ತಮ್ಮ ಬೆಕ್ಕು ಕೆಮ್ಮಿದರೆ ನಮ್ಮಲ್ಲಿ ಬಂದು ಕೇಳುತ್ತಾರೆ. ನಾವು ಔಷಧ ಹೇಳುವುದಿಲ್ಲ, ವೈದ್ಯರ ವಿಳಾಸ ಹೇಳುತ್ತೇವೆ. ತಮಗೂ ಬೇಕಾದಲ್ಲಿ ಸಂಜೆ ಪತ್ರಿಕೆಯ ಮೇಜಿನ ಬಳಿ ನಾವಿರುತ್ತೇವೆ.