ಕಣ್ಣಿಗೂ ಒಂದು ಹಕ್ಕಿದೆ

(ಕಟಪಾಡಿಯಲ್ಲಿ ನೀಡಿದ ಜುಮಾ ಭಾಷಣದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಅಂತ್ಯಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಸಹಾಬಿಗಳ ಮೇಲೆ ಸ್ವಲಾತ್ ಮತ್ತು ಸಲಾಂ ಇರಲಿ. ಮೊದಲು ನನಗೆ, ನಂತರ ನಿಮಗೆ ತಖ್ವಾದ ವಸಿಯ್ಯತ್ ಮಾಡುತ್ತೇನೆ.

ಪ್ರಿಯ ಸತ್ಯವಿಶ್ವಾಸಿಗಳೇ, ಇಂದು ನಾನು ಯಾರ ಬಗ್ಗೆ ಮಾತನಾಡಲಿದ್ದೇನೋ ಅವರಲ್ಲಿ ಹೆಚ್ಚಿನವರು ಈ ಸಫ್‌ಗಳಲ್ಲಿಲ್ಲ. ಅವರು ಈ ಹೊತ್ತಿಗೆ ಉಡುಪಿಯಲ್ಲೋ ಮಣಿಪಾಲದಲ್ಲೋ ತರಗತಿಯಲ್ಲಿ ಕುಳಿತಿದ್ದಾರೆ. ಅವರ ತಂದೆಯಂದಿರು, ಅಜ್ಜಂದಿರು, ಮಾವಂದಿರು ಇಲ್ಲಿದ್ದೀರಿ. ಆದ್ದರಿಂದ ಈ ಮಾತು ನಿಮಗೆ. ಮನೆಗೆ ಹೋದ ಮೇಲೆ ತಾಯಂದಿರಿಗೂ ತಲುಪಿಸಿರಿ.

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಕೆಲವು ದಿನಗಳ ಹಿಂದೆ ಬೆಳಗಿನ ಮದ್ರಸದಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗ ಮುಸ್‌ಹಫ್ ಮುಂದಿಟ್ಟುಕೊಂಡೇ ತೂಕಡಿಸಿದ. ನಾನು ಅವನನ್ನು ಎದ್ದು ನಿಲ್ಲಿಸಿ, "ರಾತ್ರಿಯಿಡೀ ಮೊಬೈಲ್ ನೋಡಿದ್ದಾ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದೆ. ಮಕ್ಕಳು ನಕ್ಕರು. ಅವನು ತಲೆ ತಗ್ಗಿಸಿದ, ಮಾತನಾಡಲಿಲ್ಲ. ಮರುದಿನ ಮದ್ರಸಕ್ಕೆ ಬರಲಿಲ್ಲ. ಮೂರನೆಯ ದಿನ ಸುಬ್‌ಹಿ ಮುಗಿದ ಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮಗನೇ, ನಿನ್ನ ಒಂದು ದಿನ ಹೇಗಿರುತ್ತದೆ, ಹೇಳು" ಎಂದೆ. ಅವನು ಹೇಳುತ್ತಾ ಹೋದ, ನಾನು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡೆ.

ಐದೂ ಇಪ್ಪತ್ತಕ್ಕೆ ಏಳುವುದು. ಸುಬ್‌ಹಿ, ನಂತರ ಮದ್ರಸ. ಏಳೂಕಾಲಿಗೆ ಮನೆಗೆ ಓಡಿ, ಯೂನಿಫಾರ್ಮ್ ಹಾಕಿ, ನಿಂತಲ್ಲೇ ಅರ್ಧ ದೋಸೆ. ಏಳೂ ನಲವತ್ತಕ್ಕೆ ಕಟಪಾಡಿ ಜಂಕ್ಷನ್‌ನಲ್ಲಿ ಬಸ್ಸು. ಸೀಟು ಸಿಗುವುದಿಲ್ಲ, ಬ್ಯಾಗು ಸೀಟಿನಲ್ಲಿ ಕುಳಿತವರ ಮಡಿಲಲ್ಲಿ, ಹುಡುಗ ಕಂಬಿ ಹಿಡಿದು. ಎಂಟೂಕಾಲಿಗೆ ಎಸ್ಸೆಸ್ಸೆಲ್ಸಿ ಮಕ್ಕಳ ವಿಶೇಷ ತರಗತಿ. ಒಂಬತ್ತೂವರೆಯಿಂದ ನಾಲ್ಕರವರೆಗೆ ಶಾಲೆ. ನಾಲ್ಕೂವರೆಯಿಂದ ಆರೂಕಾಲಿನವರೆಗೆ ಟ್ಯೂಷನ್. ಹೆದ್ದಾರಿ 66ರ ಸಂಜೆಯ ವಾಹನಗಳ ನಡುವೆ ಮನೆ ಮುಟ್ಟುವಾಗ ಏಳು ದಾಟಿರುತ್ತದೆ. ಮಗ್ರಿಬ್, ಸ್ನಾನ, ಹೋಂವರ್ಕ್, ಊಟ, ಇಶಾ. ಹತ್ತೂಮುಕ್ಕಾಲಿಗೆ ದುಬೈಯಿಂದ ತಂದೆಯ ಫೋನು. ಅಲ್ಲಿ ಆಗ ಒಂಬತ್ತೂಕಾಲು, ಡ್ಯೂಟಿ ಮುಗಿಸಿ ರೂಮಿಗೆ ಬಂದ ಹೊತ್ತು. ಅದಾದ ಮೇಲೆ ಅರ್ಧ ಗಂಟೆ ಮೊಬೈಲ್. ಅದನ್ನೂ ಅವನು ಮುಚ್ಚಿಡಲಿಲ್ಲ. ಮಲಗುವಾಗ ಹನ್ನೆರಡಕ್ಕೆ ಹತ್ತು ನಿಮಿಷ.

"ಉಸ್ತಾದ್, ಮೊನ್ನೆ ಬಸ್ಸಿನಲ್ಲಿ ನಿಂತುಕೊಂಡೇ ನಿದ್ದೆ ಬಂತು" ಎಂದ. ನಾನು ಲೆಕ್ಕ ಹಾಕಿದೆ. ಐದೂವರೆ ಗಂಟೆ ನಿದ್ದೆ. ಅವನಲ್ಲಿ ಕ್ಷಮೆ ಕೇಳಿದೆ. ಯಾರ ಮುಂದೆ ಅವನನ್ನು ಸಣ್ಣವನನ್ನಾಗಿ ಮಾಡಿದ್ದೆನೋ ಅದೇ ಮಕ್ಕಳ ಮುಂದೆ ಕೇಳಿದೆ.

ಸಹೋದರರೇ, ನಮ್ಮ ಕಟಪಾಡಿ ದೊಡ್ಡ ನಗರವಲ್ಲ. ಪಕ್ಕದ ಮಟ್ಟುವಿನಲ್ಲಿ ಗುಳ್ಳ ಬೆಳೆಯುತ್ತಾರೆ, ಶಂಕರಪುರದಲ್ಲಿ ಮಲ್ಲಿಗೆ ಕಟ್ಟುತ್ತಾರೆ. ಊರು ಊರಾಗಿಯೇ ಇದೆ. ಆದರೆ ನಮ್ಮ ಮಕ್ಕಳ ದಿನ ನಗರದ ದಿನವಾಗಿಬಿಟ್ಟಿದೆ. ಬೆಂಗಳೂರಿನ ಮಗು ಬೆಳಿಗ್ಗೆ ಸ್ಕೂಲ್ ವ್ಯಾನಿನಲ್ಲಿ ತೂಕಡಿಸಿದರೆ ನಮ್ಮ ಮಗು ಉಡುಪಿಯ ಬಸ್ಸಿನಲ್ಲಿ ತೂಕಡಿಸುತ್ತದೆ. ಸುಮಾರು 45 ಕಿಲೋಮೀಟರ್ ದೂರದ ಮಂಗಳೂರಿಗೆ ದಿನಾಲೂ ಹೋಗಿ ಬರುವ ಪಿಯುಸಿ ಮಕ್ಕಳೂ ಇದ್ದಾರೆ. 2022ರಲ್ಲಿ ಉಡುಪಿಯಿಂದ ಎದ್ದ ಹಿಜಾಬ್ ವಿವಾದದ ನಂತರ ಕಾಲೇಜು ಬದಲಿಸಬೇಕಾಗಿ ಬಂದ ಹೆಣ್ಣುಮಕ್ಕಳಿದ್ದಾರೆ. ಹೊಸ ಕಾಲೇಜು ದೂರವಾದಷ್ಟೂ ಅವರ ದಿನ ಉದ್ದವಾಯಿತು. ಇನ್ನು ಸಂಜೆ ಮನೆಗೆ ಬಂದ ಮಗನಿಗೆ ಚಹಾ ಕಾದಿರುತ್ತದೆ, ಮಗಳಿಗೆ ಅಡುಗೆಮನೆ ಕಾದಿರುತ್ತದೆ. ಇಬ್ಬರೂ ಒಂದೇ ಬಸ್ಸಿನಲ್ಲಿ ನಿಂತುಕೊಂಡು ಬಂದವರು. ಇದನ್ನೂ ಯೋಚಿಸಿರಿ.

ದೀನ್ ಏನು ಹೇಳುತ್ತದೆ? ಸೂರಃ ಅನ್ನಬಅ್‌ನಲ್ಲಿ ಅಲ್ಲಾಹನು ತನ್ನ ಅನುಗ್ರಹಗಳನ್ನು ಎಣಿಸುವಾಗ, ನಿದ್ದೆಯನ್ನು ವಿಶ್ರಾಂತಿಯಾಗಿಯೂ ರಾತ್ರಿಯನ್ನು ಹೊದಿಕೆಯಾಗಿಯೂ ಮಾಡಿದ್ದನ್ನು ನೆನಪಿಸುತ್ತಾನೆ. ಅಬ್ದುಲ್ಲಾಹ್ ಬಿನ್ ಅಮ್ರ್(ರ) ಎಂಬ ಯುವ ಸಹಾಬಿ ಪ್ರತಿದಿನ ಉಪವಾಸ ಹಿಡಿದು ರಾತ್ರಿಯಿಡೀ ನಮಾಝ್ ಮಾಡುತ್ತಿದ್ದರು. ಪ್ರವಾದಿಯವರಿಗೆ(ಸ) ಸುದ್ದಿ ತಲುಪಿದಾಗ ಅವರನ್ನು ತಡೆದು, ದೇಹಕ್ಕೂ ಕಣ್ಣಿಗೂ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿಹೇಳಿದರು. ಯೋಚಿಸಿ ನೋಡಿ: ಅಲ್ಲಿ ಕಣ್ಣಿನ ಹಕ್ಕನ್ನು ಕಸಿದದ್ದು ಇಬಾದತ್. ಅದಕ್ಕೂ ಅನುಮತಿ ಸಿಗಲಿಲ್ಲ. ಹಾಗಿರುವಾಗ ಮಾರ್ಕಿಗಾಗಿ, ಮದುವೆ ಗದ್ದಲಕ್ಕಾಗಿ, ಮೊಬೈಲಿಗಾಗಿ ನಮ್ಮ ಮಕ್ಕಳ ಕಣ್ಣಿನ ಹಕ್ಕನ್ನು ಕಸಿಯಲು ನಮಗೆ ಅನುಮತಿ ಕೊಟ್ಟವರು ಯಾರು?

ವೈದ್ಯರ ಮಾತೂ ಇದಕ್ಕೆ ಹತ್ತಿರವಾಗಿದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆನ್ನುತ್ತಾರೆ. ಈ ವಯಸ್ಸಿನಲ್ಲಿ ದೇಹಕ್ಕೆ ನಿದ್ದೆ ಬರುವ ಹೊತ್ತೇ ತಡವಾಗುತ್ತದೆ, ಮೊಬೈಲಿನ ಬೆಳಕು ಅದನ್ನು ಇನ್ನಷ್ಟು ಮುಂದೂಡುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘವು ಪ್ರೌಢಶಾಲೆಗಳು ಬೆಳಿಗ್ಗೆ ಎಂಟೂವರೆಗಿಂತ ಮೊದಲು ಶುರುವಾಗಬಾರದೆಂದು 2014ರಲ್ಲಿ ಹೇಳಿತು. ಅಲ್ಲಿನ ಕ್ಯಾಲಿಫೋರ್ನಿಯ ರಾಜ್ಯ 2022ರಲ್ಲಿ ಅದನ್ನು ಕಾನೂನಾಗಿ ಜಾರಿಗೆ ತಂದಿತು. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ನಾಲ್ಕನೇ ತರಗತಿವರೆಗಿನ ಮಕ್ಕಳಿಗೆ ಒಂಬತ್ತು ಗಂಟೆಗೆ ಮೊದಲು ಶಾಲೆ ಬೇಡವೆಂದು 2024ರಲ್ಲಿ ಸರ್ಕಾರ ಆದೇಶಿಸಿತು.

ನಾವು ಇಲ್ಲಿ ಕುಳಿತು ಶಾಲೆಯ ಗಂಟೆಯನ್ನು ಬದಲಿಸಲಾರೆವು. ಸುಬ್‌ಹಿಯ ವಖ್ತನ್ನು ಬದಲಿಸುವ ಅಧಿಕಾರ ಯಾರಿಗೂ ಇಲ್ಲ. ಹಾಗಾದರೆ ಉಳಿದದ್ದೇನು? ರಾತ್ರಿ. ಅದು ಮಕ್ಕಳ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ನಮ್ಮ ಕೈಯಲ್ಲಿದೆ. ಪ್ರವಾದಿಯವರು(ಸ) ಇಶಾಕ್ಕಿಂತ ಮೊದಲು ಮಲಗುವುದನ್ನೂ ಇಶಾದ ನಂತರ ಮಾತುಕತೆಯಲ್ಲಿ ಕೂರುವುದನ್ನೂ ಇಷ್ಟಪಡುತ್ತಿರಲಿಲ್ಲ ಎಂದು ಬುಖಾರಿಯಲ್ಲಿ ಬಂದಿದೆ. ನಮ್ಮ ಮನೆಗಳಲ್ಲಿ ಮಾತುಕತೆ ಶುರುವಾಗುವುದೇ ಇಶಾದ ನಂತರ! ಟಿವಿ ಆಗ, ನೆಂಟರು ಆಗ, ಮದರಂಗಿ ಕಾರ್ಯಕ್ರಮ ಆಗ. ನಮ್ಮ ಜಮಾಅತಿನ ಕಾರ್ಯಕ್ರಮಗಳ ಮೈಕ್ ಕೂಡ ಹನ್ನೊಂದು ದಾಟುತ್ತದೆ. ಮೈಕಿನ ಮುಂದೆ ನಿಂತವನು ನಾನೇ ಆಗಿರುತ್ತೇನೆ.

ಕೆಲವು ತಾಯಂದಿರು ಹೇಳುತ್ತಾರೆ: "ಪಾಪ ಉಸ್ತಾದ್, ತಡವಾಗಿ ಮಲಗಿದ್ದಾನೆ, ಸುಬ್‌ಹಿಗೆ ಎಬ್ಬಿಸಲು ಮನಸ್ಸು ಬರುವುದಿಲ್ಲ." ಆ ಕನಿಕರ ನನಗೆ ಅರ್ಥವಾಗುತ್ತದೆ. ಆದರೆ ಕನಿಕರವನ್ನು ರಾತ್ರಿ ತೋರಿಸಿರಿ. ಹತ್ತಕ್ಕೆ ಮೊದಲು ದೀಪ ಆರಿಸುವುದು ಕನಿಕರ. ಸುಬ್‌ಹಿ ತಪ್ಪಿಸಿ ಏಳರವರೆಗೆ ಮಲಗಿಸುವುದು ಅವನಿಗೆ ಮಾಡುವ ನಷ್ಟ. ಹತ್ತಕ್ಕೆ ಕಾಲು ಗಂಟೆ ಇರುವಾಗ ಮಲಗಿದ ಮಗು ಐದೂವರೆಗೆ ಎದ್ದರೂ ಎಂಟು ಗಂಟೆಯ ಹತ್ತಿರ ನಿದ್ದೆ ಮಾಡಿರುತ್ತದೆ.

ಆದ್ದರಿಂದ ಕೆಲವು ಮಾತುಗಳು. ಗಲ್ಫಿನಲ್ಲಿರುವ ತಂದೆಯಂದಿರೇ, ಈ ಮಾಸಿಕ ನಿಮ್ಮ ಕೈಗೂ ತಲುಪುತ್ತದೆ. ನಿಮ್ಮ ದನಿಗಾಗಿ ಮಗ ಎಚ್ಚರವಿರುತ್ತಾನೆ, ಅದು ಪ್ರೀತಿ. ರಾತ್ರಿ ಒಂದು ವಾಯ್ಸ್ ಮೆಸೇಜ್ ಕಳುಹಿಸಿಡಿ, ಅವನು ಬೆಳಿಗ್ಗೆ ಕೇಳುತ್ತಾನೆ. ರಜೆಯ ದಿನ ಹಗಲಿನಲ್ಲಿ ಮನಸಾರೆ ಮಾತನಾಡಿರಿ. ಮಾರ್ಕಿನ ಬಗ್ಗೆ ಮಾತ್ರ ಕೇಳಬೇಡಿ.

ಮನೆಯಲ್ಲಿ ಇಶಾದ ನಂತರ ಎಲ್ಲರ ಮೊಬೈಲೂ ಒಂದೇ ಕಡೆ ಇರಲಿ, ತಂದೆಯ ಮೊಬೈಲ್ ಮೊದಲು. ಮಗನಿಗೆ ಬೇಡವೆಂದು ತಾನು ನೋಡುವ ತಂದೆಯ ಮಾತಿಗೆ ತೂಕವಿರುವುದಿಲ್ಲ.

ಮಕ್ಕಳ ನಮಾಝನ್ನು ಅವರೊಂದಿಗೆ ಕುಳಿತು ಯೋಜಿಸಿರಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಝುಹರ್ ಎಲ್ಲಿ, ಟ್ಯೂಷನ್‌ಗೆ ಮೊದಲು ಅಸರ್ ಎಲ್ಲಿ, ಮಗ್ರಿಬ್ ತಪ್ಪದಂತೆ ಯಾವ ಬಸ್ಸು ಹತ್ತಬೇಕು? "ನಮಾಝ್ ಮಾಡಿದ್ದೀಯಾ?" ಎಂದು ರಾತ್ರಿ ಗದರಿಸುವುದಕ್ಕಿಂತ ಇದು ಉತ್ತಮ. ಬೇಕಾದರೆ ಟ್ಯೂಷನ್ ನಡೆಸುವವರಲ್ಲಿ ಹತ್ತು ನಿಮಿಷ ಕೇಳಿ ನೋಡಿ. ಮರ್ಯಾದೆಯಿಂದ ಕೇಳಿದರೆ ಕೊಡುವವರು ಬಹಳ ಮಂದಿ.

ನನ್ನ ಪಾಲಿನದ್ದು: ಹತ್ತನೇ ತರಗತಿಯವರಿಗೆ ವಾರದ ದಿನಗಳಲ್ಲಿ ಮದ್ರಸ ಅರ್ಧ ಗಂಟೆ, ಉಳಿದ ಪಾಠ ಭಾನುವಾರ ಎಂದು ಜಮಾಅತ್ ಕಮಿಟಿಯ ಮುಂದೆ ಇಟ್ಟಿದ್ದೇನೆ. ಕಡಿಮೆ ಮಾಡಿದರೆ ಮಕ್ಕಳು ಪೂರ್ತಿ ಬಿಟ್ಟುಬಿಡುತ್ತಾರೆ ಎಂದು ಕೆಲವರಿಗೆ ಭಯ. ನನಗೂ ಆ ಭಯ ಇದೆ. ಆದರೆ ಅವಮಾನವಾಗಿ ಬಿಟ್ಟುಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶಾಲೆ ಇರುವ ದಿನಗಳಲ್ಲಿ ರಾತ್ರಿ ಹತ್ತರ ನಂತರ ಮೈಕ್ ಬೇಡ ಎಂದೂ ಹೇಳಿದ್ದೇನೆ.

ಕೊನೆಯದಾಗಿ, ಹತ್ತು ವರ್ಷ ಪ್ರವಾದಿಯವರ(ಸ) ಸೇವೆ ಮಾಡಿದ ಅನಸ್(ರ) ಆಗ ಬಾಲಕ. ಒಮ್ಮೆ ಒಂದು ಕೆಲಸಕ್ಕೆ ಕಳುಹಿಸಿದರೆ ಅವರು ದಾರಿಯಲ್ಲಿ ಆಡುತ್ತಿದ್ದ ಮಕ್ಕಳ ಹತ್ತಿರ ನಿಂತುಬಿಟ್ಟರು. ಹಿಂದಿನಿಂದ ಯಾರೋ ಕುತ್ತಿಗೆ ಹಿಡಿದರು. ತಿರುಗಿ ನೋಡಿದರೆ ಪ್ರವಾದಿಯವರು(ಸ), ಮುಖದಲ್ಲಿ ನಗು. ಪ್ರೀತಿಯಿಂದ "ಉನೈಸ್" ಎಂದು ಕರೆದು, ಹೇಳಿದ ಕಡೆ ಹೋದೆಯಾ ಎಂದಷ್ಟೇ ಕೇಳಿದರು. ನಾನು ಆ ಹುಡುಗನನ್ನು ನಿಲ್ಲಿಸಿ ಕೇಳಿದ ರೀತಿ, ಅವರು ಕೇಳಿದ ಈ ರೀತಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ನಾಚಿಕೆಯಾಗುತ್ತದೆ.

ಇಂದು ಸಂಜೆ ನಿಮ್ಮ ಮಗ, ಮಗಳು ಬಸ್ಸಿನಿಂದ ಇಳಿದು ಬಂದಾಗ ಮಾರ್ಕು ಕೇಳುವ ಮೊದಲು ಕೂರಿಸಿಕೊಂಡು, "ನಿನ್ನ ದಿನ ಹೇಗಿತ್ತು?" ಎಂದು ಕೇಳಿರಿ. ಪೂರ್ತಿ ಕೇಳಿರಿ. ನಡುವೆ ಉಪದೇಶ ಬೇಡ.

ಅಲ್ಲಾಹನು ನಮ್ಮ ಮಕ್ಕಳನ್ನು ನಮ್ಮ ಕಣ್ಣಿಗೆ ತಂಪಾಗಿಸಲಿ, ಅವರ ಕಣ್ಣುಗಳ ಹಕ್ಕನ್ನು ಕೊಡುವ ಹೆತ್ತವರನ್ನಾಗಿ ನಮ್ಮನ್ನು ಮಾಡಲಿ, ಅವರ ಪ್ರಯಾಣವನ್ನು ಕಾಪಾಡಲಿ, ಅವರ ವಿದ್ಯೆಯಲ್ಲಿ ಬರ್ಕತ್ ನೀಡಲಿ. ಆಮೀನ್.