ಕಿವಿಗೆ ಬಿದ್ದ ಮಾತು



ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕಿನ ತದಡಿ—ಈ ಬಂದರುಗಳ ಕಡೆ ಹೋದವರು ಮೀನುಗಾರಿಕೆ ಬೋಟುಗಳಲ್ಲಿ ವಿ.ಎಚ್.ಎಫ್. ಎಂಬ ವೈರ್‌ಲೆಸ್ ಪೆಟ್ಟಿಗೆಯನ್ನು ನೋಡಿರಬಹುದು. ಕಡಲಿನಲ್ಲಿ ತಾಂಡೇಲನ ಕೈ ಚುಕ್ಕಾಣಿಯ ಮೇಲೆ, ಕಣ್ಣು ನೀರಿನ ಮೇಲೆ. ಒಂದು ಕಿವಿ ಮಾತ್ರ ಆ ಪೆಟ್ಟಿಗೆಯ ಕಡೆ. ಯಾರೋ ಗಾಳಿ ಬಲಿಯುತ್ತಿದೆ ಎನ್ನುತ್ತಾರೆ. ಇನ್ನಾರೋ ಬಲೆ ಕಲ್ಲಿಗೆ ಸಿಕ್ಕಿತು ಎನ್ನುತ್ತಾರೆ. ಅದು ಇವನಿಗೆ ಹೇಳಿದ ಮಾತಲ್ಲ. ಆದರೂ ಸುತ್ತಲಿನ ಸಂಗತಿ ಇವನಿಗೆ ತಿಳಿಯಿತು.

ಅದೇ ಮಾತನ್ನು ಮೊಬೈಲಿನಲ್ಲಿ ಹೇಳಿದ್ದರೆ? ಒಬ್ಬನಿಗೆ ಮಾತ್ರ ಕೇಳುತ್ತಿತ್ತು. ಇಂಜಿನ್ ಕೆಟ್ಟು ನಿಂತ ಬೋಟಿಗೆ ಮೊದಲು ನೆರವಾಗಬಲ್ಲವನು ದಡದಲ್ಲಿರುವ ಬಂಧುವಲ್ಲ, ಹತ್ತಿರದಲ್ಲೇ ಬಲೆ ಬೀಸುತ್ತಿರುವ ಅಪರಿಚಿತ!

ಕಚೇರಿಯಲ್ಲೂ ಇದೇ ತತ್ತ್ವ. ಲಂಡನ್ನಿನ ಸುರಂಗ ರೈಲಿನ ನಿಯಂತ್ರಣ ಕೊಠಡಿಯನ್ನು ಕುರಿತು ಕ್ರಿಶ್ಚಿಯನ್ ಹೀತ್ ಮತ್ತು ಪಾಲ್ ಲಫ್ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಲ್ಲಿ ಒಬ್ಬರು ಫೋನಿನಲ್ಲಿ ಆಡಿದ ಮಾತು ಪಕ್ಕದವರ ಕಿವಿಗೆ ಬೀಳುತ್ತಿತ್ತು. ಯಾರೂ ಹೇಳದೆಯೇ ಅವರು ತಮ್ಮ ಕೆಲಸವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದರು. ಇಂದು ಒಂದೇ ತಂಡದವರು ಬೇರೆ ಬೇರೆ ಊರುಗಳಲ್ಲಿರುತ್ತಾರೆ. ಪಕ್ಕದ ಮೇಜೇ ಇಲ್ಲ. ಆ ಕೊರತೆಯನ್ನು ಸ್ಲ್ಯಾಕ್, ಟೀಮ್ಸ್ ಮುಂತಾದ ಚಾಟ್ ವ್ಯವಸ್ಥೆಗಳು ತುಂಬಬಲ್ಲವು. ‘ಇದು ಮುಗಿಯಿತು’, ‘ಇಲ್ಲಿ ತೊಡಕಾಗಿದೆ’ ಎಂದು ಎಲ್ಲರಿಗೂ ಕಾಣುವಲ್ಲಿ ಬರೆದರೆ, ಯಾರನ್ನೂ ಕರೆಯದೆ, ಯಾರ ಕೆಲಸವನ್ನೂ ಕೆಡಿಸದೆ ತಂಡಕ್ಕೆ ಸುದ್ದಿ ಮುಟ್ಟುತ್ತದೆ.

ಆದರೆ ಎರಡು ಎಚ್ಚರಿಕೆಗಳಿವೆ. ಸಮುದ್ರದಲ್ಲಿ 16ನೆಯ ಚಾನೆಲ್ ಇರುವುದು ಅಪಾಯದ ಕರೆಗೆ ಮತ್ತು ಒಬ್ಬರನ್ನೊಬ್ಬರು ಕರೆಯುವುದಕ್ಕೆ. ಕರೆದಾದ ಮೇಲೆ ಉಳಿದ ಮಾತಿಗೆ ಬೇರೆ ಚಾನೆಲ್‌ಗೆ ಹೋಗಬೇಕು. ಎಲ್ಲರೂ ಅಲ್ಲೇ ಹರಟಿದರೆ ಅಪಾಯದ ಕೂಗು ಮುಚ್ಚಿಹೋಗುತ್ತದೆ. ಚಾಟ್‌ನಲ್ಲೂ ಹಾಗೆಯೇ. ಮೊಬೈಲಿನ ಗುಂಪಿನಲ್ಲಿ ಶುಭಾಶಯಗಳ ನಡುವೆ ಪರೀಕ್ಷೆಯ ಸೂಚನೆ ಕಳೆದುಹೋದದ್ದು ನಿಮಗೆ ಗೊತ್ತಿಲ್ಲವೇ?

ಎರಡನೆಯದು ಇನ್ನೂ ಮುಖ್ಯ. ವೈರ್‌ಲೆಸ್‌ನಲ್ಲಿ ಎಲ್ಲರ ಮಾತೂ ಎಲ್ಲರಿಗೂ ಕೇಳುತ್ತದೆ. ಆದ್ದರಿಂದಲೇ ಅಲ್ಲಿ ನಂಬಿಕೆಯಿದೆ. ಮೇಲಧಿಕಾರಿಯೊಬ್ಬನೇ ಕೇಳುತ್ತಾ, ಯಾರು ಎಷ್ಟು ಹೊತ್ತು ಸುಮ್ಮನಿದ್ದರು ಎಂದು ಲೆಕ್ಕ ಹಾಕತೊಡಗಿದರೆ ಅದು ಅರಿವಲ್ಲ, ಕಾವಲು. ಕಾವಲಿದ್ದಲ್ಲಿ ‘ತೊಡಕಾಗಿದೆ’ ಎಂದು ಬಾಯಿಬಿಡುವವರು ಯಾರು?

ನಾಳೆ ನೀವು ಕಾಲೇಜಿನ ಕೆಲಸಕ್ಕೆ ಗುಂಪು ಕಟ್ಟಿದಾಗ ಇದನ್ನು ನೆನೆಯಿರಿ. ಮುಗಿಸಿದ ಕೆಲಸದಂತೆ ಮುಗಿಯದ ಕೆಲಸವನ್ನೂ ನಾಲ್ಕು ಮಂದಿಗೆ ಕೇಳುವಂತೆ ಹೇಳಿ. ನೆರವು ಯಾವ ಕಡೆಯಿಂದ ಬಂದೀತೆಂದು ಮೊದಲೇ ಹೇಳಲಾಗದು.