ಹಾಂಗ್‌ಕಾಂಗ್‌ನಲ್ಲಿ ಒಂದು ಭಾನುವಾರ

ಆಫೀಸ್ ಕೆಲಸಕ್ಕೆ ಹಾಂಗ್‌ಕಾಂಗ್‌ಗೆ ಹೋಗಿದ್ದೆ, ಬಿಡುವು ಸಿಕ್ಕಿದ್ದು ಒಂದೇ ಭಾನುವಾರ. ಬೆಳಿಗ್ಗೆ ಎಂ ಪ್ಲಸ್ ಮ್ಯೂಸಿಯಂ. ಬೀದಿಯಲ್ಲಿ ದಶಕಗಟ್ಟಲೆ ನೇತಾಡಿ, ಅಕ್ರಮ ಬೋರ್ಡು ಅಂತ 2015ರಲ್ಲಿ ಕೆಳಗಿಳಿದ ಹೋಟೆಲೊಂದರ ನಿಯಾನ್ ಹಸು ಈಗ ಇವರ ಸಂಗ್ರಹದಲ್ಲಿದೆ.

ಮಧ್ಯಾಹ್ನ ಶಾಮ್ ಶುಯಿ ಪೋದ ಆಪ್ಲಿಯು ಸ್ಟ್ರೀಟ್. ಹಳೇ ಮೊಬೈಲು, ಮಲ್ಟಿಮೀಟರು, ಗಂಟುಬಿದ್ದ ಕೇಬಲ್ಲು. ನಮ್ಮ ಎಸ್.ಪಿ. ರೋಡೇ ಅನ್ನಿ! ಒಂದು ಟ್ರಾನ್ಸಿಸ್ಟರ್ ನೋಡಿ ನಿಂತುಬಿಟ್ಟೆ. ಅಪ್ಪನದೂ ಅಂಥದ್ದೇ, ಪುಣೆಗೆ ಬರುವಾಗ ಅದನ್ನ ಗುಜರಿಗೆ ಹಾಕಿದ್ದು ನಾನೇ. ಕ್ಯಾಲ್ಕುಲೇಟರ್ ಒತ್ತಿ ಒತ್ತಿ ಚೌಕಾಸಿ ಮಾಡಿ ತಗೊಂಡೆ.

ರಾತ್ರಿ ಲೋ ಹಾನ್ ಚಾಯ್: ಅಣಬೆ, ತೋಫು, ತರಕಾರಿ, ಬೌದ್ಧರ ಸಸ್ಯಾಹಾರ. ಪಕ್ಕದ ಅಜ್ಜ ನನ್ನ ಕಪ್ಪಿಗೂ ಚಹಾ ಬಗ್ಗಿಸಿದರು. ಅಲ್ಲಿ ಥ್ಯಾಂಕ್ಸ್ ಅನ್ನೋಕೆ ಬೆರಳಿಂದ ಮೇಜು ತಟ್ಟಬೇಕು; ತಟ್ಟಿದೆ. ಅವರು ರೇಡಿಯೋ ತಿರುಗಿಸಿ ನೋಡಿ ಕಿವಿಗೆ ಹಿಡಿದರು. ಸೆಲ್ ಇರಲಿಲ್ಲ.